ನನ್ನ ಅಳತೆಯ ಸೈಕಲ್ಲು

ಗಂಡನ ಹೆಸರು ಹಿಡಿದು ಕರೆಯುವ ರೂಢಿ ನಮ್ಮಲ್ಲಿಲ್ಲ. ‘ನೋಡ್ರಿ’, ‘ಕೇಳ್ರಿ’ ಎನ್ನುತ್ತಲೇ ಇಷ್ಟು ವರ್ಷ ಸಂಸಾರ ಮಾಡಿದ್ದೇನೆ. ಇಲ್ಲಿ ಮಾತ್ರ ಹೆಸರು ಹೇಳುತ್ತೇನೆ, ಇಲ್ಲಿ ಯಾರ ಅಡ್ಡಿಯೂ ಇಲ್ಲ. ಚೇತನಕುಮಾರ. ಸೈಕಲ್ ಫ್ರೇಮ್ ಮಾಡುವವನು. ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿರುವ ಸೈಕಲ್ಲುಗಳಲ್ಲ. ಗಿರಾಕಿಯ ಕಾಲು, ಕೈ, ಬೆನ್ನು ಅಳೆದು, ಉಕ್ಕಿನ ಕೊಳವೆ ಕತ್ತರಿಸಿ, ಬೆಸೆದು, ಒಬ್ಬರಿಗೆಂದು ಒಂದೇ ಒಂದು ಮಾಡುವಂಥದ್ದು. ದರ್ಜಿ ಅಂಗಿ ಹೊಲಿದ ಹಾಗೆ. ಊರಿನ ಆ ತುದಿಯ ಮಾದಾಪುರದ ಕಂಪ್ಯೂಟರ್ ಆಫೀಸುಗಳಲ್ಲಿ ಕೂತು ಕೂತು ಬೆನ್ನು ಹಿಡಿದುಕೊಂಡವರೇ ಅವನ ಗಿರಾಕಿಗಳು. ಅವನು ಬೆಸೆದದ್ದಕ್ಕೆ ಬಣ್ಣ ಕೊಡುವವಳು ನಾನು, ಮಂದಾರ.

ಮಾವ ಅಮರೇಶಪ್ಪ ರಾಯಚೂರು ಕಡೆಯವರು. ಈ ತೆಲುಗು ಶಹರದ ಸರ್ಕಾರಿ ಕಾರ್ಖಾನೆಗೆ ಫಿಟ್ಟರ್ ಆಗಿ ಬಂದು ಕುಷಾಯಿಗೂಡದಲ್ಲಿ ಈ ಮನೆ ಕಟ್ಟಿಸಿದರು. ಅವರು ಹೋದ ಮೇಲೆ ಮುಂದಿನ ಕೋಣೆ ಮಗನ ವರ್ಕ್‌ಶಾಪ್ ಆಯಿತು, ಹಿತ್ತಲಿನ ತಗಡಿನ ಶೆಡ್ಡು ನನಗೆ ಬಂತು. ಮದುವೆಯಾಗಿ ಬಂದಾಗ ಸ್ಪ್ರೇ ಗನ್ ಎಂದರೇನೆಂದು ನನಗೆ ಗೊತ್ತಿರಲಿಲ್ಲ. ಹೊರಗಿನ ಪೇಂಟರ್ ಒಬ್ಬ ಕೈಕೊಟ್ಟ ದಿನ ಹಿಡಿದೆ, ಹಿಡಿದದ್ದು ಕೈ ಬಿಡಲಿಲ್ಲ. ಈಗ ಗಿರಾಕಿಗಳು ಬಂದು ಫ್ರೇಮಿನ ಮೇಲೆ ಬೆರಳಾಡಿಸಿ, ‘ಚೇತನ್ ಭಾಯ್, ಕ್ಯಾ ಪೇಂಟ್ ಹೈ’ ಎನ್ನುತ್ತಾರೆ. ಚೇತನ್ ಭಾಯ್ ಗಂಭೀರವಾಗಿ ತಲೆಯಾಡಿಸುತ್ತಾನೆ. ಚಹಾ ತಂದು ಕೊಟ್ಟವಳ ಕಡೆ ಯಾರೂ ನೋಡುವುದಿಲ್ಲ.

ನಾನು ಗಿಡ್ಡಿ. ತವರೂರು ಸಿಂಧನೂರಿನಲ್ಲಿ ಶಾಲೆಗೆ ಹೋಗುವಾಗ ಅಣ್ಣನ ಸೈಕಲ್ ತುಳಿಯುತ್ತಿದ್ದೆ. ಸೀಟಿನ ಮೇಲೆ ಕೂತರೆ ಪೆಡಲ್ ಸಿಗುತ್ತಿರಲಿಲ್ಲ, ಬಾರಿನ ಕೆಳಗಿಂದ ಕಾಲು ತೂರಿಸಿ ಸೊಟ್ಟಗೆ ನಿಂತು ಹೋಗುತ್ತಿದ್ದೆ. ಸೀಟಿನ ಮೇಲೆ ನೆಟ್ಟಗೆ ಕೂತು, ಬೇಕೆಂದಾಗ ಕಾಲು ನೆಲಕ್ಕೆ ಊರುವ ಸುಖ ನನಗೆ ಇಲ್ಲಿಯವರೆಗೂ ಗೊತ್ತಿಲ್ಲ. ಮದುವೆಯಾದ ಮೊದಲ ವರ್ಷ ಚೇತನಕುಮಾರನಿಗೆ ಹೇಳಿದ್ದೆ: ‘ನನಗೂ ಒಂದು ಮಾಡ್ರಿ.’ ‘ಮಾಡೋಣಂತ ಬಿಡು’ ಅಂದಿದ್ದ. ಆಮೇಲೊಮ್ಮೆ ಗಿರಾಕಿಯ ಸೈಕಲ್ ಹತ್ತಿ ನೋಡಲು ಹೋಗಿ, ತುದಿಗಾಲೂ ನೆಲಕ್ಕೆ ತಾಕದೆ ಕಾಂಪೌಂಡ್ ಗೋಡೆಗೆ ಒರಗಿಬಿಟ್ಟೆ. ಅವನು ಆ ಗಿರಾಕಿಯ ಎದುರಿಗೇ ನಕ್ಕು, ‘ಇಕೀಗೆ ಸಣ್ಣ ಹುಡುಗ್ರ ಸೈಕಲ್ಲೇ ಬೇಕು’ ಎಂದ. ಅಂದಿನಿಂದ ಬಾಯಿ ಮುಚ್ಚಿಕೊಂಡೆ. ಆಸೆ ಮಾತ್ರ ಮುಚ್ಚಿಕೊಳ್ಳಲಿಲ್ಲ.

ನನ್ನ ತವರಿನ ಒಂದು ಪದ್ಧತಿ ಇಲ್ಲಿ ಹೇಳಬೇಕು. ದಸರೆಗೆ ತಂದ ಸೀರೆ ದೇವರ ಮಾಡದ ಕೆಳಗೆ ಇರುತ್ತಿತ್ತು. ಯಾರಿಗೆ ಎಂದು ಯಾರೂ ಹೇಳುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಕೇಳಿದವಳು ಆಸೆಬುರುಕಿ. ಹಬ್ಬದ ಬೆಳಗ್ಗೆ ತಾನಾಗಿ ಕೈಗೆ ಬರುತ್ತಿತ್ತು, ಅಲ್ಲಿಯವರೆಗೆ ಕಂಡೂ ಕಾಣದ ಹಾಗೆ ಓಡಾಡಬೇಕು. ಈ ಓಡಾಟ ನನಗೆ ಚೆನ್ನಾಗಿ ಬರುತ್ತದೆ, ಅದೇ ನನಗೆ ಮುಳುವಾಯಿತು.

ಶ್ರಾವಣದ ಒಂದು ಸಂಜೆ ಅಡಿಗೆಮನೆಯಲ್ಲಿ ಉಳ್ಳಾಗಡ್ಡಿ ಹುರಿಯುತ್ತಿದ್ದೆ. ಚೇತನಕುಮಾರ ಟೇಪ್ ಹಿಡಿದು ಬಂದ.

‘ಇಲ್ಲೆ ಗ್ವಾಡಿಗೆ ಬೆನ್ನು ಹಚ್ಚಿ ನಿಂದ್ರು.’

ನಿಂತೆ. ಗಿರಾಕಿಗಳಿಗೆ ಮಾಡುವ ಹಾಗೆಯೇ ದಪ್ಪನೆಯ ಪುಸ್ತಕವೊಂದನ್ನು ತೊಡೆಗಳ ನಡುವೆ ಹಿಡಿಸಿ ಕಾಲಿನ ಉದ್ದ ತೆಗೆದ. ಕೈ ಚಾಚು ಅಂದ, ಚಾಚಿದೆ. ಭುಜದಿಂದ ಭುಜಕ್ಕೆ, ಕುತ್ತಿಗೆಯಿಂದ ನಡುವಿನವರೆಗೆ. ಅಳೆದದ್ದನ್ನೆಲ್ಲ ಮೊಬೈಲಿನಲ್ಲಿ ಒತ್ತಿಕೊಂಡು, ‘ಆತು’ ಎಂದು ಹೊರಟುಹೋದ. ಯಾಕೆಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಅಷ್ಟರಲ್ಲಿ ಉಳ್ಳಾಗಡ್ಡಿ ಹೊತ್ತಿತ್ತು. ಆ ಹೊತ್ತಿದ ಪಲ್ಯವನ್ನು ಅವನೂ ಅತ್ತೆಯೂ ಮುಖ ಕಿವುಚಿಕೊಂಡು ತಿಂದರು. ನನಗೆ ರುಚಿಯಾಗಿತ್ತು.

ಮುಂದಿನ ವಾರಗಳಲ್ಲಿ ಬೇಡದಿದ್ದರೂ ಚಹಾ ತೆಗೆದುಕೊಂಡು ಮುಂದಿನ ಕೋಣೆಗೆ ಹೋಗುತ್ತಿದ್ದೆ. ಕೊಳವೆಗಳನ್ನು ಗಿಡ್ಡಗೆ ಕತ್ತರಿಸುತ್ತಿದ್ದ. ಮೇಲಿನ ಬಾರು ಕೆಳಕ್ಕೆ ಇಳಿಜಾರಾಗಿ ಬಂತು. ಗಾಲಿಯೂ ಸಣ್ಣದೇ. ಬೆಸುಗೆ ಹಾಕುವಾಗ ಅವನ ಮುಖ ನೋಡಬೇಕು, ಆಗ ಅವನಷ್ಟು ಒಳ್ಳೆಯ ಗಂಡಸು ಕುಷಾಯಿಗೂಡದಲ್ಲಿ ಇನ್ನೊಬ್ಬನಿಲ್ಲ ಎನಿಸುತ್ತದೆ. ಕೂದಲೆಳೆಯಷ್ಟು ಸೊಟ್ಟಗಿದ್ದರೂ ಅವನಿಗೆ ಕಾಣುತ್ತದೆ. ಬಗಲಲ್ಲಿ ಲೋಟ ಹಿಡಿದು ನಿಂತವಳು ಮಾತ್ರ ಕಾಣುವುದಿಲ್ಲ. ಅದನ್ನು ಆಗ ನಾನು ಸಂಕೋಚ ಎಂದುಕೊಂಡಿದ್ದೆ.

ಬಣ್ಣಕ್ಕೆ ಬರುವ ಪ್ರತಿ ಫ್ರೇಮಿಗೂ ತಂತಿಯಿಂದ ಒಂದು ಚೀಟಿ ಕಟ್ಟಿರುತ್ತದೆ. ಗಿರಾಕಿಯ ಹೆಸರು, ಬಣ್ಣದ ನಂಬರು, ಅಷ್ಟೇ. ಈ ಫ್ರೇಮಿಗೆ ಚೀಟಿ ಇರಲಿಲ್ಲ. ಶೆಡ್ಡಿನ ಕೊಕ್ಕೆಗೆ ನೇತುಹಾಕಿ ಹೊರಟವನನ್ನು ತಡೆದು ಕೇಳಿದೆ.

‘ಬಣ್ಣ ಯಾವುದ್ರಿ?’

‘ನಿನಗ ಬಿಟ್ಟೀನಿ. ಚೊಲೊ ಅನ್ನಿಸಿದ್ದು ಹೊಡಿ.’

ಇನ್ನೇನು ಬೇಕಿತ್ತು ನನಗೆ? ಬಾಗಿಲು ಹಾಕಿಕೊಂಡು, ಕಣ್ಣು ಒರೆಸಿಕೊಂಡೆ. ಕೈಗೆ ಬಣ್ಣ ಕರಗಿಸುವ ಥಿನ್ನರ್ ಹತ್ತಿತ್ತು, ಇನ್ನಷ್ಟು ಉರಿಯಿತು.

ಮಾದಾಪುರದವರಿಗೆ ಕಪ್ಪು ಬೇಕು, ಇಲ್ಲವೇ ಬೂದಿ, ಇಲ್ಲವೇ ಹೊಳೆಯದ ಕಪ್ಪು. ವರ್ಷಗಟ್ಟಲೆ ಸೂತಕದ ಬಣ್ಣ ಹೊಡೆದು ಸಾಕಾಗಿತ್ತು. ನನ್ನದಕ್ಕೆ ಹಸಿರು ಬಳೆಯ ಬಣ್ಣ ಬೇಕೆಂದು ನಿಶ್ಚಯಿಸಿದೆ. ಡಬ್ಬಿಯಲ್ಲಿ ಸಿಗುವ ಎಲೆ ಹಸಿರಲ್ಲ, ಗಾಜಿನ ಬಳೆಯನ್ನು ಬಿಸಿಲಿಗೆ ಹಿಡಿದರೆ ಒಳಗಿಂದ ಹೊಳೆಯುವ ಹಸಿರು. ಶೆಡ್ಡಿಗೆ ಹೋಗುವಾಗ ಬಳೆ ಬಿಚ್ಚಿ ಬಾಗಿಲಿನ ಮೊಳೆಗೆ ಹಾಕುವುದು ನನ್ನ ರೂಢಿ, ಇಲ್ಲದಿದ್ದರೆ ಹಸಿ ಬಣ್ಣಕ್ಕೆ ತಾಕುತ್ತವೆ. ಅಲ್ಲಿಂದಲೇ ಒಂದು ಬಳೆ ತೆಗೆದುಕೊಂಡು ಎದುರಿಗಿಟ್ಟುಕೊಂಡೆ.

ಆ ಹಸಿರು ಒಂದೇ ಸಲಕ್ಕೆ ಬರುವುದಿಲ್ಲ. ಮೊದಲು ಉಕ್ಕನ್ನು ಉಜ್ಜಿ, ಪ್ರೈಮರ್ ಕೊಟ್ಟು, ನೀರಿನಲ್ಲಿ ನೆನೆಸಿದ ಪಾಲಿಶ್ ಕಾಗದದಿಂದ ಅಂಗೈ ಮೆತ್ತಗಾಗುವವರೆಗೆ ತಿಕ್ಕಬೇಕು. ಮೇಲೆ ಬೆಳ್ಳಿ ಬಣ್ಣ. ಅದರ ಮೇಲೆ, ಬೆಳ್ಳಿ ಕಾಣುವಷ್ಟು ತೆಳ್ಳಗೆ, ಹಸಿರಿನ ಪರದೆ ಮೇಲೆ ಪರದೆ. ಕೈ ಒಂದು ಕಡೆ ತುಸು ತಡೆದರೂ ಅಲ್ಲಿ ಕಪ್ಪಾಗುತ್ತದೆ, ಮತ್ತೆ ಮೊದಲಿನಿಂದ ಶುರು. ಗಿರಾಕಿಗಳಿಗೆ ಇದನ್ನು ನಾನು ಎಂದೂ ಮಾಡಿ ಕೊಟ್ಟವಳಲ್ಲ. ಒಂದು ಸಲ ಕೆಟ್ಟಿತು, ಪೂರ್ತಿ ತಿಕ್ಕಿ ತೆಗೆದೆ. ಎರಡನೆಯ ಸಲ ಕೂಡಿ ಬಂತು. ಬಳೆಯನ್ನು ಪಕ್ಕದಲ್ಲಿ ಹಿಡಿದೆ. ಎರಡರಲ್ಲಿ ಯಾವುದು ಗಾಜು, ಯಾವುದು ಉಕ್ಕು ಎಂದು ಕೇಳುವ ಹಾಗಿತ್ತು.

ಅಷ್ಟರಲ್ಲಿ ಆಯುಧ ಪೂಜೆ ಬಂತು. ಆ ದಿನ ಯಾವ ಉಪಕರಣವನ್ನೂ ಮುಟ್ಟುವಂತಿಲ್ಲ, ಫ್ರೇಮಿನ ಮೇಲೆ ಕೊನೆಯ ಪಾರದರ್ಶಕ ಕೋಟು ಬೀಳಬೇಕಿತ್ತು, ಅದು ಮರುದಿನಕ್ಕೆ ಉಳಿಯಿತು. ಅತ್ತೆ ಸೂಗಮ್ಮ ತಲೆ ತುಂಬ ಸೆರಗು ಹೊದ್ದು, ವಿಭೂತಿ ಗಟ್ಟಿ ಹಿಡಿದು ಮನೆಯೆಲ್ಲ ಓಡಾಡಿದರು. ಡ್ರಿಲ್ಲಿಂಗ್ ಮಷೀನಿಗೆ, ಗ್ಯಾಸ್ ಸಿಲಿಂಡರಿಗೆ, ಕಂಪ್ರೆಸರಿಗೆ, ನನ್ನ ಸ್ಪ್ರೇ ಗನ್ನಿಗೆ ಮೂರು ಮೂರು ಬೆರಳು. ಕೊಕ್ಕೆಗೆ ತೂಗುತ್ತಿದ್ದ ಹಸಿರು ಫ್ರೇಮಿನ ಎದುರು ನಿಂತರು.

‘ಯವ್ವ, ಇದು ಭಾಳ ಚೆಂದ ಐತಿ. ಯಾರದಿದು?’

ಅಲ್ಲಿಯವರೆಗೆ ಯಾರ ಮುಂದೂ ಆಡಿರದ ಮಾತು ಬಾಯಿಗೆ ಬಂದುಬಿಟ್ಟಿತು. ‘ನಂದ ಇರಬೇಕ್ರಿ ಅತ್ತಿ. ಅಳತಿ ನಂದ ತಗೊಂಡಾರ.’

ಅತ್ತೆ ನನ್ನನ್ನು ಒಮ್ಮೆ, ಫ್ರೇಮನ್ನು ಒಮ್ಮೆ ನೋಡಿದರು. ‘ಇಷ್ಟರ ತಿಳೀತಲ್ಲ ನನ್ನ ಮಗಗ. ನಿಮ್ಮ ಮಾವ ಹೊಲಿಗಿ ಮಷೀನ್ ತರ್ತೀನಿ ತರ್ತೀನಿ ಅಂತ ಹೇಳಿ ಹೇಳೇ ಹ್ವಾದ್ರು’ ಎಂದು, ಬೆರಳು ಒದ್ದೆ ಮಾಡಿಕೊಂಡು ವಿಭೂತಿ ತೀಡಿ, ಹ್ಯಾಂಡಲ್ ಕೂರುವ ಕೊಳವೆಯ ಮುಂಭಾಗಕ್ಕೆ ಮೂರು ಗೆರೆ ಎಳೆದರು. ಮನುಷ್ಯರಿಗೆ ಹಣೆಯಿದ್ದಂತೆ ಸೈಕಲ್ಲಿಗೆ ಅದು. ನಾನು ‘ಹಸಿ ಐತ್ರಿ, ಮುಟ್ಟಬ್ಯಾಡ್ರಿ’ ಎನ್ನಬೇಕಿತ್ತು. ಬೇರೆ ಯಾವ ಫ್ರೇಮ್ ಆಗಿದ್ದರೂ ಎನ್ನುತ್ತಿದ್ದೆ.

ಮರುದಿನ ದಶಮಿ. ಸ್ನಾನ ಮಾಡಿ ಶೆಡ್ಡಿಗೆ ಹೋದೆ. ಬಣ್ಣದ ಕೆಲಸದಲ್ಲಿ ಒಂದು ಕಣ ಧೂಳು ಉಳಿದರೂ ಅದು ತಪ್ಪು. ಅದನ್ನು ಒರೆಸಲು ಅಂಟು ಬಟ್ಟೆ ಕೈಯಲ್ಲಿ ಹಿಡಿದೇ ನಿಂತಿದ್ದೆ. ಫ್ರೇಮಿನ ಉಳಿದೆಲ್ಲ ಭಾಗ ಒರೆಸಿದೆ, ಆ ಮೂರು ಗೆರೆ ಮಾತ್ರ ಬಿಟ್ಟೆ. ಅದರ ಮೇಲೇ ಕೋಟು ಹೊಡೆದೆ. ಒದ್ದೆಯಾದ ಕೂಡಲೇ ಗೆರೆಗಳು ಮಾಯವಾದವು, ಒಣಗಿದ ಮೇಲೆ ಮಸುಕಾಗಿ ಮತ್ತೆ ಮೇಲೆದ್ದು ಬಂದವು. ಅಲ್ಲಿ ತುಸು ತರಿತರಿ ಉಳಿಯಿತು, ತಿಕ್ಕಿ ಇನ್ನೊಂದು ಕೋಟು ಕೊಟ್ಟು ನುಣುಪು ಮಾಡಿದೆ. ಇನ್ನು ಅದನ್ನು ಮಳೆಯೂ ತೊಳೆಯಲಾರದು. ಯಾರಾದರೂ ಪೇಂಟರ್ ನೋಡಿದರೆ ನಗುತ್ತಾನೆ. ನಗಲಿ, ಸೈಕಲ್ ನನ್ನದು.

ಚೇತನಕುಮಾರ ಗಾಲಿ, ಚೈನು, ಸೀಟು ಹಾಕಿ ಜೋಡಿಸುವ ಕೆಲಸ ಹಿಡಿದ. ಬಣ್ಣ ನೋಡಿ, ‘ಚೊಲೊ ಬಂದೈತಿ’ ಅಂದ. ಅವನ ಬಾಯಿಂದ ಅದು ದೊಡ್ಡ ಮಾತು. ದೀಪಾವಳಿಗೆ ಮುಂಚಿನ ಭಾನುವಾರ ಮುಗಿಯುತ್ತದೆ ಎಂದು ಯಾರಿಗೋ ಫೋನಿನಲ್ಲಿ ಹೇಳುವುದು ಕೇಳಿಸಿತು. ಆ ಯಾರೋ ಯಾರು ಎಂದು ನನಗೆ ಹೊಳೆಯಲಿಲ್ಲ. ಹೊಳೆಯಲು ನಾನೇ ಬಿಡಲಿಲ್ಲವೇನೋ. ಮಾರ್ಕೆಟ್ಟಿಗೆ ಹೋಗಿ ಬಿಳಿ ಕ್ಯಾನ್ವಾಸ್ ಶೂ ತಂದು, ಅಕ್ಕಿ ಡಬ್ಬದ ಹಿಂದೆ ಇಟ್ಟೆ. ಚಪ್ಪಲಿಯಲ್ಲಿ ಸೈಕಲ್ ತುಳಿದರೆ ಜಾರುತ್ತದಲ್ಲ.

ಆ ಭಾನುವಾರ ಬೆಳಗ್ಗೆ ಚೂಡಿದಾರ ತೊಟ್ಟೆ. ಹಸಿರು ಬಳೆ ಹಾಕಿಕೊಂಡೆ. ಶೂ ಹಾಕಿ, ದಾರ ಕಟ್ಟಿ, ಜಡೆ ಬಿಗಿ ಮಾಡಿ, ಮುಂದಿನ ಕೋಣೆಗೆ ಬಂದು ಗೋಡೆಗೆ ಆತು ನಿಂತೆ. ಸೈಕಲ್ಲು ಬಾಗಿಲಿನ ಬಿಸಿಲಿನಲ್ಲಿ ನಿಂತಿತ್ತು. ಅತ್ತೆ ಒಳಗಿನಿಂದ ನೋಡಿ ಬಾಯಿಗೆ ಸೆರಗು ಹಿಡಿದು ನಕ್ಕರು. ಚೇತನಕುಮಾರ ಬಟ್ಟೆಯಿಂದ ಸೀಟು ಒರೆಸುತ್ತಿದ್ದವನು ತಲೆಯೆತ್ತಿ ನನ್ನ ಕಾಲು ನೋಡಿದ.

‘ಎಲ್ಲಿಗರ ಹೊಂಟೀಯೇನು?’

ಹೇಳಲು ಬಾಯಿ ತೆರೆಯುವಷ್ಟರಲ್ಲಿ ಗೇಟಿನ ಎದುರು ಕ್ಯಾಬ್ ನಿಂತಿತು. ನನ್ನಷ್ಟೇ ಎತ್ತರದ ಒಬ್ಬಳು ಇಳಿದಳು. ಹೆಸರು ಲಹರಿ, ಮಾದಾಪುರದಲ್ಲಿ ಇಂಜಿನಿಯರ್. ಆಕೆಯನ್ನು ಒಳಗೆ ಕರೆದು ಚೇತನಕುಮಾರ ಹಿಂದಿಯಲ್ಲಿ ಎಲ್ಲ ವಿವರಿಸಿದ: ಆರ್ಡರ್ ಕೊಟ್ಟಾಗ ಆಕೆ ಪುಣೆಯಲ್ಲಿದ್ದಳು, ಅಳತೆ ಕೊಡಲು ಬರುವಂತಿರಲಿಲ್ಲ, ಫೋನಿನಲ್ಲಿ ಎತ್ತರ ಕೇಳಿದಾಗ ತನ್ನ ಹೆಂಡತಿಯಷ್ಟೇ ಇದ್ದಾಳೆ ಎಂದು ತಿಳಿದು ಹೆಂಡತಿಯ ಮೇಲೇ ಅಳತೆ ತೆಗೆದ. ಬಣ್ಣವನ್ನು ಆಕೆಯೇ ಪೇಂಟರ್ ಇಷ್ಟಕ್ಕೆ ಬಿಟ್ಟಿದ್ದಳು. ‘ಇವಳೇ ನನ್ನ ಹೆಂಡತಿ, ಇವಳ ಅಳತೆಯೇ’ ಎಂದು ನನ್ನ ಕಡೆ ಕೈ ತೋರಿಸಿದ. ಲಹರಿ ನಕ್ಕು ಕೈ ಕುಲುಕಿದಳು. ಒಳ್ಳೆಯ ಹುಡುಗಿ, ಸುಳ್ಳು ಹೇಳಬಾರದು.

ಆಮೇಲೆ ಆಕೆ ಸೈಕಲ್ ಹತ್ತಿ ಓಣಿಯ ತುದಿಗೆ ಹೋಗಿ ತಿರುಗಿ ಬಂದಳು. ಗೇಟಿನ ಎದುರು ಬ್ರೇಕ್ ಹಾಕಿ, ಸೀಟಿನಿಂದ ಇಳಿದು, ಬಾರಿನ ಎರಡೂ ಬದಿಗೆ ಪಾದ ಊರಿ ನಿಂತಳು. ಪೂರ್ತಿ ಪಾದ, ತುದಿಗಾಲಲ್ಲ. ಅಳತೆ ಎಲ್ಲಿಯೂ ತಪ್ಪಿರಲಿಲ್ಲ. ಅದನ್ನು ನೋಡಿದ ಮೇಲೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಆದರೂ ನಿಂತೆ.

‘ಎಂತ ಬಾಗುಂದಂಡಿ’ ಎಂದು ಆಕೆ ತೆಲುಗಿನಲ್ಲಿ ಹೊಗಳುತ್ತಾ ಬಗ್ಗಿ ಬಣ್ಣ ನೋಡಿದಳು. ಮುಂಭಾಗದ ಆ ಗೆರೆಗಳ ಮೇಲೆ ಬೆರಳಿಟ್ಟು, ಇದೇನು ಎಂದು ಕೇಳಿದಳು. ಚೇತನಕುಮಾರ ಬಗ್ಗಿ ನೋಡಿದ, ಅವನಿಗೂ ಅದು ಹೊರಗಿನ ಬಿಸಿಲಿನಲ್ಲಿ ಆಗಷ್ಟೇ ಕಣ್ಣಿಗೆ ಬಿದ್ದದ್ದು. ಅವನ ಹುಬ್ಬು ಗಂಟಿಕ್ಕಿತು. ಈಗ ನನಗೆ ಬೈಗುಳ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ಗಿರಾಕಿಯ ಕಣ್ಣು ಹೊಳೆಯುತ್ತಿದ್ದುದನ್ನು ನೋಡಿ ಅವನು ಒಂದೇ ಉಸಿರಿಗೆ, ಇದು ನಮ್ಮ ಮನೆತನದ ಪದ್ಧತಿ, ನಮ್ಮ ತಾಯಿ ವಿಭೂತಿ ಹಚ್ಚಿ ಆಶೀರ್ವಾದ ಮಾಡುತ್ತಾರೆ, ಮೇಲೆ ಕೋಟು ಹೊಡೆದು ಕಾಪಾಡುತ್ತೇವೆ ಎಂದ. ಲಹರಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಹತ್ತಿರದಿಂದ, ದೂರದಿಂದ, ಬಿಸಿಲಿನಲ್ಲಿ, ನೆರಳಿನಲ್ಲಿ ಫೋಟೋ ತೆಗೆದಳು. ಹೋಗುವಾಗ ಅತ್ತೆಯ ಕಾಲಿಗೂ ಬಿದ್ದಳು. ಅತ್ತೆಗೆ ಹಿಂದಿ ಅಷ್ಟಕ್ಕಷ್ಟೇ, ಆದರೆ ಸೈಕಲ್ಲು ಗೇಟು ದಾಟಿ ಹೋದದ್ದು ಅರ್ಥವಾಗಲು ಯಾವ ಭಾಷೆಯೂ ಬೇಕಿರಲಿಲ್ಲ.

ಗೇಟು ಹಾಕಿ ಬಂದು ಚೇತನಕುಮಾರ ಕೇಳಿದ. ‘ಶೂ ಯಾಕ ಹಾಕ್ಕೊಂಡಿ?’

‘ಕಚ್ಚತಾವೇನಂತ ನೋಡಾಕತ್ತಿದ್ದೆ’ ಎಂದೆ.

ಅವನು ನಂಬಿದ. ನಂಬುವುದು ಅವನಿಗೆ ಸಲೀಸು. ‘ಚೀಟಿ ಕಟ್ಟಾಕ ಮರ್ತಿದ್ದೆ ನೋಡು, ಆದರೂ ಚೊಲೊ ಆತು’ ಎಂದು ಚಹಾ ಕೇಳಿದ. ಮಾಡಿಕೊಟ್ಟೆ. ನನಗೆ ಸಿಟ್ಟು ಬಂದಿತ್ತು, ಅವಮಾನವೂ ಆಗಿತ್ತು. ಆದರೆ ಯಾರ ಮೇಲೆ ತೀರಿಸಿಕೊಳ್ಳಲಿ? ಅವನು ಮೋಸ ಮಾಡಿರಲಿಲ್ಲ. ಮೋಸ ಮಾಡಬೇಕಾದರೂ ಎದುರಿಗಿದ್ದವಳ ಮನಸ್ಸಿನಲ್ಲಿ ಏನಿದೆ ಎಂದು ಒಂದು ಗಳಿಗೆ ಯೋಚಿಸಬೇಕಾಗುತ್ತದೆ.

ಲಹರಿಯ ಫೋಟೋ ಎಲ್ಲೆಲ್ಲಿ ಹೋಯಿತೋ, ದೀಪಾವಳಿ ಮುಗಿಯುವಷ್ಟರಲ್ಲಿ ಫೋನಿನ ಮೇಲೆ ಫೋನು. ಎಲ್ಲರಿಗೂ ಆ ಮೂರು ಗೆರೆ ಬೇಕು. ಮುಂದಿನ ಫ್ರೇಮ್ ಶೆಡ್ಡಿಗೆ ಬಂದಾಗ ಚೀಟಿ ಮರೆತಿರಲಿಲ್ಲ: ಹೊಳೆಯದ ಕಪ್ಪು, ಮೂರು ಗೆರೆ. ಚೇತನಕುಮಾರ ಅತ್ತೆಯನ್ನೂ ಕರೆತಂದ. ಅವರು ವಿಭೂತಿ ಹಚ್ಚುವುದನ್ನು ಮೊಬೈಲಿನಲ್ಲಿ ಹಿಡಿದು ಗಿರಾಕಿಗೆ ಕಳಿಸಬೇಕಂತೆ.

‘ಹಚ್ಚವ್ವ. ಸಾವಕಾಶ ಹಚ್ಚು, ಕೈ ಕಾಣಬೇಕು.’

ಅತ್ತೆ ವಿಭೂತಿ ಗಟ್ಟಿಯನ್ನು ಅಂಗೈಯಲ್ಲಿ ಹಿಡಿದು ನಿಂತರು. ‘ಇದು ಇಕೀದೇನು?’

‘ಅಲ್ಲವ್ವ. ಗಿರಾಕಿದು.’

‘ಹಂಗಾದ್ರ ಗಿರಾಕಿ ಅವ್ವ ಹಚ್ಚಲಿ. ನಾ ನನ್ನ ಸೊಸಿ ಸೈಕಲ್ಲಿಗೆ ಹಚ್ಚಿದ್ದೆ. ಊರ ಮಂದಿದಕ್ಕಲ್ಲ.’ ಗಟ್ಟಿಯನ್ನು ಸೆರಗಿಗೆ ಕಟ್ಟಿಕೊಂಡು ಒಳಗೆ ಹೋದರು.

ಅವನು ಮೊಬೈಲ್ ಕೆಳಗಿಳಿಸಿದ. ನನ್ನ ಮುಖ ನೋಡಿದ. ಆಮೇಲೆ ಕಾಲು ನೋಡಿದ. ಅಳತೆ, ಹಸಿರು, ಶೂ, ಒಂದೊಂದಾಗಿ ಅವನೊಳಗೆ ಜೋಡಣೆಯಾಗುವುದು ನನಗೆ ಕಾಣುತ್ತಿತ್ತು.

‘ಒಂದು ಮಾತು ಹೇಳಬಾರದಿತ್ತೇನು ನೀ?’

ಸಿಟ್ಟಿನಿಂದ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ. ಹೇಳಿದ್ದೆನಲ್ಲ, ಮದುವೆಯಾದ ಮೊದಲ ವರ್ಷವೇ. ಅದನ್ನು ಈಗ ನೆನಪು ಮಾಡಿಕೊಡುವುದೆಂದರೆ ಎರಡನೆಯ ಸಲ ಕೈಯೊಡ್ಡಿದ ಹಾಗೆ. ಫ್ರೇಮಿನ ಚೀಟಿ ಬಿಚ್ಚತೊಡಗಿದೆ. ಅವನು ನನ್ನ ಭುಜ ತಟ್ಟಿದ.

‘ಹೋಗ್ಲಿ. ನಿಂದೂ ಒಂದು ಮಾಡೋಣಂತ ಬಿಡು. ಅಳತಿ ಹೆಂಗೂ ಐತಿ. ಇದಕ್ಕ ನೀನ ಪೇಂಟಿನಾಗ ಗೆರಿ ಹಾಕು, ಟೇಪ್ ಹಚ್ಚಿ.’

ಹಾಕಿದೆ. ಟೇಪ್ ಕತ್ತರಿಸಿ ಅಂಟಿಸಿ, ಬಿಳಿ ಹೊಡೆದು, ಟೇಪ್ ಕಿತ್ತೆ. ಅತ್ತೆಯ ಬೆರಳಿನ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು ಇತ್ತು. ನನ್ನವು ನೆಟ್ಟಗೆ, ಒಂದೇ ಅಳತೆಗೆ ಬಂದವು. ಅಂದಿನಿಂದ ಎಷ್ಟು ಫ್ರೇಮಿಗೆ ಹಾಕಿದ್ದೇನೋ ಲೆಕ್ಕ ಇಟ್ಟಿಲ್ಲ. ಎಲ್ಲ ಗಿರಾಕಿಗಳೂ ಅದರ ಮೇಲೆ ಬೆರಳಾಡಿಸಿ ತಾಯಿಯ ಆಶೀರ್ವಾದ ಎನ್ನುತ್ತಾರೆ. ಕ್ಯಾನ್ವಾಸ್ ಶೂಗಳನ್ನು ಶೆಡ್ಡಿನಲ್ಲೇ ಹಾಕಿಕೊಳ್ಳುತ್ತೇನೆ, ಥಿನ್ನರ್ ಚೆಲ್ಲಿದರೆ ಕಾಲು ಉರಿಯುವುದಿಲ್ಲ. ಅವುಗಳ ಮೇಲೆ ಈಗ ಕಪ್ಪು, ಬೂದಿ ಎಲ್ಲ ಬಣ್ಣದ ಹನಿಗಳಿವೆ.

ಹಸಿರು ಮಾತ್ರ ಇಲ್ಲ. ಅದನ್ನು ಮತ್ತೆ ಬೆರೆಸಿಲ್ಲ. ಕೇಳಿ ಬರುವವರಿಗೆ ಕೊರತೆಯಿಲ್ಲ, ಲಹರಿಯ ಗೆಳತಿಯರೇ ಎಷ್ಟೋ ಜನ. ಹೋದ ವಾರ ಚೇತನಕುಮಾರ ತಾನೇ ಶೆಡ್ಡಿನ ಬಾಗಿಲಿಗೆ ಬಂದು, ಬೆಳ್ಳಿ ಮೇಲೆ ಏನು ಕೊಟ್ಟಿದ್ದೆ, ಎಷ್ಟು ಕೈ ಹೊಡೆದಿದ್ದೆ, ಒಂದು ಫ್ರೇಮಿಗೆ ಮಾಡಿ ಕೊಡು, ದೊಡ್ಡ ಗಿರಾಕಿ, ಭಾಳ ಆಸೆಪಟ್ಟು ಕೇಳಿದ್ದಾರೆ ಎಂದ. ನಾನು ಗನ್ ತೊಳೆಯುತ್ತಿದ್ದೆ. ತಲೆ ಎತ್ತಲಿಲ್ಲ.

‘ಮಾಡೋಣಂತ ಬಿಡ್ರಿ’ ಎಂದೆ.